ನಾಯಿಮರಿಗೆ ವೈದ್ಯರನ್ನು ಹುಡುಕುವ ಮೊದಲು: ಗೆಳೆಯನಿಗೊಂದು ಪತ್ರ

ಬದಿಯಡ್ಕ

ಪ್ರೀತಿಯ ಗೋಪಾಲನಿಗೆ ನಮಸ್ಕಾರಗಳು.

ನಿನ್ನ ಮನೆಗೆ ನಾಯಿಮರಿ ಬಂದ ಸುದ್ದಿ ಓದಿ ಸಂತೋಷವಾಯಿತು. ಹೆಚ್ಚು ಖರ್ಚಿಲ್ಲದೆ ತೋರಿಸಬಹುದಾದ, ನಂಬಿಕೆಗೆ ಅರ್ಹರಾದ ಪಶುವೈದ್ಯರು ನಮ್ಮ ಕಡೆ ಯಾರಿದ್ದಾರೆ ಎಂದು ಕೇಳಿದ್ದೀಯ. ಒಂದು ಹೆಸರು ಬರೆದು ಪತ್ರ ಮುಗಿಸಬಹುದಿತ್ತು. ಆದರೆ ನನಗೆ ಹಿಡಿಸಿದ ವೈದ್ಯರು ಪೆರ್ಲದ ಆಚೆ ಇರುವ ನಿನಗೆ ಬೇಕಾದ ಹೊತ್ತಿಗೆ ಸಿಗಲಾರರು. ಸರಕಾರಿ ಆಸ್ಪತ್ರೆಯವರಾದರೆ ಬರುವ ವರ್ಷ ವರ್ಗವಾಗಿ ಹೋದರೂ ಹೋದರು. ಆದುದರಿಂದ ಹೆಸರಿನ ಬದಲು ಆರಿಸುವ ಬಗೆಯನ್ನೇ ಬರೆಯುತ್ತೇನೆ.

ಖರ್ಚಿನ ಮಾತನ್ನು ಮೊದಲು ಮುಗಿಸೋಣ. ಯಾರ ಫೀಸು ಎಷ್ಟು ಎಂದು ವಿಚಾರಿಸುತ್ತಾ ಹೋದರೆ ಖರ್ಚಿನ ಅಂದಾಜು ಸಿಗುವುದಿಲ್ಲ, ಏಕೆಂದರೆ ಮರಿಯ ಮೊದಲ ವರ್ಷದಲ್ಲಿ ಹಣ ಕರಗುವುದು ಫೀಸಿನಿಂದಲ್ಲ, ತಡೆಯಬಹುದಾಗಿದ್ದ ಕಾಯಿಲೆಗಳಿಂದ. ಪಾರ್ವೊ ಎಂಬ ವೈರಸ್ ರೋಗ ತಗಲಿದ ಮರಿಯನ್ನು ದಿನಗಟ್ಟಲೆ ಡ್ರಿಪ್ಪಿನಲ್ಲಿ ಇರಿಸುವ ಖರ್ಚಿನ ಮುಂದೆ ಅದನ್ನು ತಡೆಯುವ ಲಸಿಕೆಯ ಬೆಲೆ ಏನೇನೂ ಅಲ್ಲ. ಆ ವೈರಸ್ಸನ್ನೇ ಕೊಲ್ಲುವ ಔಷಧ ನಮ್ಮ ಆಸ್ಪತ್ರೆಗಳಲ್ಲಿ ಇರುವುದಿಲ್ಲ. ವಾಂತಿಯಲ್ಲೂ ರಕ್ತಭೇದಿಯಲ್ಲೂ ಹೋದ ನೀರನ್ನು ತುಂಬಿಕೊಡುತ್ತಾ, ಮರಿಯ ಶರೀರವೇ ರೋಗವನ್ನು ಗೆಲ್ಲುವವರೆಗೆ ಜೀವ ಹಿಡಿದಿಡುವುದಷ್ಟೇ ಅಲ್ಲಿ ನಡೆಯುವ ಚಿಕಿತ್ಸೆ. ಹಾಗಾಗಿ ಲಸಿಕೆಯನ್ನು ಸರಿಯಾದ ವಯಸ್ಸಿನಲ್ಲಿ, ಸರಿಯಾದ ಅಂತರದಲ್ಲಿ, ಕೆಡದ ಔಷಧದಿಂದ ಕೊಡುವವರೇ ನನ್ನ ಲೆಕ್ಕದಲ್ಲಿ ಕಡಿಮೆ ಖರ್ಚಿನ ವೈದ್ಯರು.

ಪಂಚಾಯತಿನ ಮೃಗಾಸ್ಪತ್ರೆಯಿಂದಲೇ, ಎಂದರೆ ಸರಕಾರಿ ಪಶು ಆಸ್ಪತ್ರೆಯಿಂದಲೇ, ಪ್ರಾರಂಭಿಸು ಎಂಬುದು ನನ್ನ ಸಲಹೆ. ಅದು ದನಗಳಿಗೆ ಮಾತ್ರ ಎಂಬ ಭಾವನೆ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಅಲ್ಲಿರುವವರೂ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷಗಳ ಪಶುವೈದ್ಯ ಪದವಿ ಮುಗಿಸಿ, ಪಶುವೈದ್ಯ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಂಡವರೇ. ಪೇಟೆಯಲ್ಲಿ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತವರ ಪದವಿಯೂ ಇದೇ. ಸರಕಾರಿ ಆಸ್ಪತ್ರೆಯಲ್ಲಿ ಓಪಿ ಚೀಟಿಗೆ ಅಲ್ಪ ಮೊತ್ತ ಸಾಕು. ಜಂತುಹುಳದ ಔಷಧ, ರೇಬೀಸ್ ಲಸಿಕೆ ಮತ್ತು ಅದರ ಪ್ರಮಾಣಪತ್ರಕ್ಕೆ ಅದಕ್ಕಿಂತ ಅಗ್ಗದ ಜಾಗವಿಲ್ಲ. ಆದರೆ ಅದರ ಮಿತಿಯೂ ನಿನಗೆ ಗೊತ್ತಿರಬೇಕು. ಬೆಳಗ್ಗೆ ಹೋದರೆ ವೈದ್ಯರು ಎಲ್ಲೋ ಕರು ಹಾಕಲಾರದೆ ಒದ್ದಾಡುತ್ತಿರುವ ದನವನ್ನು ನೋಡಲು ಹೊರಟುಹೋಗಿರಬಹುದು, ಮತ್ತು ಆ ದನವನ್ನೇ ನೆಚ್ಚಿದ ಮನೆಯವರ ಪಾಲಿಗೆ ಅದು ನಿನ್ನ ಮರಿಯ ಚುಚ್ಚುಮದ್ದಿಗಿಂತ ದೊಡ್ಡ ಕೆಲಸವೇ. ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊ ಮುಂತಾದವುಗಳಿಗೆ ಒಟ್ಟಾಗಿ ಕೊಡುವ ಲಸಿಕೆ ಹೆಚ್ಚಾಗಿ ಅಲ್ಲಿ ದಾಸ್ತಾನಿರುವುದಿಲ್ಲ, ಹೊರಗಿನ ಔಷಧದ ಅಂಗಡಿಯಿಂದ ನೀನೇ ಕೊಂಡೊಯ್ಯಬೇಕಾದೀತು. ಎಕ್ಸ್‌ರೇ, ಸ್ಕ್ಯಾನಿಂಗ್‌ಗಳನ್ನು ನಿರೀಕ್ಷಿಸಲೇಬೇಡ.

ಇಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಗಡಿನಾಡಿನವರಾದ ನಮಗೆ ಮಾತ್ರ ಇರುವ ಒಂದು ತೊಡಕನ್ನು ಹೇಳಬೇಕು. ನಮ್ಮ ಆಸ್ಪತ್ರೆಗಳಿಗೆ ಬರುವ ವೈದ್ಯರಲ್ಲಿ ಅನೇಕರು ತ್ರಿಶೂರಿನ ಮಣ್ಣುತ್ತಿಯಲ್ಲೋ ವಯನಾಡಿನ ಪೂಕೋಡಿನಲ್ಲೋ ಕಲಿತ ತೆಂಕಣ ಜಿಲ್ಲೆಗಳವರು. ಕನ್ನಡವಾಗಲಿ ತುಳುವಾಗಲಿ ಅವರಿಗೆ ಬರುವುದಿಲ್ಲ. ನಿನ್ನ ಮಲಯಾಳ ಸಾಕಷ್ಟು ಚೆನ್ನಾಗಿದೆ. ಆದರೆ ಹಗಲಿಡೀ ಮರಿಯನ್ನು ನೋಡಿಕೊಳ್ಳುವವರು ನಿನ್ನ ಅಮ್ಮ. ಅದು ಎಷ್ಟು ಸಲ ಕಕ್ಕಿತು, ಮಲ ಯಾವ ಬಣ್ಣಕ್ಕಿತ್ತು, ನೀರು ಕುಡಿಯಿತೇ ಎಂಬುದೆಲ್ಲ ಗೊತ್ತಿರುವುದು ಅವರಿಗೆ, ಔಷಧ ಕುಡಿಸುವವರೂ ಅವರೇ. ನಡುವೆ ಅಟೆಂಡರ್ ನಿಂತು ಹೇಳಿದ್ದನ್ನು ಅರ್ಧಂಬರ್ಧ ದಾಟಿಸುವ ಪರಿಸ್ಥಿತಿ ಬೇಡ. ಮೊದಲ ಭೇಟಿಗೆ ಅಮ್ಮನನ್ನೂ ಕರೆದುಕೊಂಡು ಹೋಗು. ಔಷಧದ ಪ್ರಮಾಣವನ್ನು ಬಾಯಿಮಾತಿನಲ್ಲಿ ಬಿಡದೆ, ಸೂಜಿಯಿಲ್ಲದ ಸಿರಿಂಜಿನ ಮೇಲೆ ಪೆನ್ನಿನಿಂದ ಗೆರೆ ಎಳೆದು ತೋರಿಸಲು ಕೇಳು. ಭಾಷೆ ಬಾರದಿದ್ದರೂ ಅಮ್ಮನ ಕಡೆಗೇ ತಿರುಗಿ, ಆ ಗೆರೆಯನ್ನು ತೋರಿಸಿ, ಅರ್ಥವಾಯಿತೇ ಎಂದು ಕೈಸನ್ನೆಯಿಂದ ಕೇಳುವ ಯುವ ವೈದ್ಯರೊಬ್ಬರನ್ನು ನಾನು ಬಲ್ಲೆ. ಕನ್ನಡ ಬಲ್ಲ ಅವಸರದವರಿಗಿಂತ ಇಂಥವರು ಮೇಲು ಎಂದು ನನ್ನ ಖಚಿತ ಅಭಿಪ್ರಾಯ.

ಮರಿಯನ್ನು ಮೇಜಿನ ಮೇಲೆ ಇಟ್ಟ ಮೇಲೆ ವೈದ್ಯರ ಬಾಯಿಗಿಂತ ಕೈಯನ್ನು ಗಮನಿಸು. ಲಸಿಕೆಗೆಂದೇ ಹೋದ ದಿನವೂ ಮೊದಲು ತೂಕ ನೋಡಬೇಕು, ಏಕೆಂದರೆ ಜಂತುಹುಳದ ಔಷಧದ ಲೆಕ್ಕ ತೂಕದ ಮೇಲೆಯೇ ನಡೆಯುತ್ತದೆ. ಜ್ವರ ನೋಡಬೇಕು; ನಾಯಿಯ ಸಹಜ ಉಷ್ಣತೆ ನಮ್ಮದಕ್ಕಿಂತ ಹೆಚ್ಚು, ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ಆದುದರಿಂದ ಮೈ ಮುಟ್ಟಿ ನೋಡಿ ಜ್ವರವಿದೆ ಇಲ್ಲವೆಂದು ಹೇಳುವವರ ಮಾತಿಗೆ ಬೆಲೆಯಿಲ್ಲ. ತುಟಿಯನ್ನು ಮೇಲಕ್ಕೆತ್ತಿ ಒಸಡಿನ ಬಣ್ಣ ನೋಡಿ, ಬೆರಳಿನಿಂದ ಒತ್ತಿ ಬಿಟ್ಟು, ಬೆಳ್ಳಗಾದ ಜಾಗಕ್ಕೆ ಕೆಂಪು ಎಷ್ಟು ಬೇಗ ಮರಳುತ್ತದೆಂದು ಪರೀಕ್ಷಿಸಬೇಕು. ಹೊಟ್ಟೆಯನ್ನು ಒತ್ತಿ, ಕಿವಿಯ ಒಳಗೂ ಬೆರಳುಗಳ ಸಂದಿಯಲ್ಲೂ ಉಣ್ಣಿಗಾಗಿ ಹುಡುಕಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಮೇಲೆ ಸೂಜಿ ಹೊರಬರಬೇಕು. ಇಷ್ಟಕ್ಕೆ ಹೆಚ್ಚು ಹೊತ್ತು ಬೇಡ. ಇದನ್ನು ಬಿಟ್ಟು, ಮರಿ ಚೀಲದಿಂದ ಹೊರಗೆ ಬರುವ ಮೊದಲೇ ಚುಚ್ಚುವವರಲ್ಲಿಗೆ ಎರಡನೆಯ ಸಲ ಹೋಗಬೇಡ.

ಲಸಿಕೆಯ ವಿಷಯದಲ್ಲಿ ನೀನು ಸಂಕೋಚಪಡದೆ ಕೇಳಬೇಕಾದ್ದು ಕೆಲವಿದೆ. ಹಲವು ರೋಗಗಳಿಗೆ ಒಟ್ಟಾಗಿ ಕೊಡುವ ಆ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಪ್ರಾರಂಭಿಸಿ, ಮೂರು-ನಾಲ್ಕು ವಾರಗಳಿಗೊಮ್ಮೆ ಕೊಡುತ್ತಾ, ಹದಿನಾರು ವಾರ ತುಂಬುವವರೆಗೆ ಮುಂದುವರಿಸುತ್ತಾರೆ. ಕಾರಣವೇನೆಂದರೆ, ತಾಯಿಯ ಮೊದಲ ಹಾಲಿನಿಂದ ಮರಿಗೆ ಬಂದ ರಕ್ಷಣೆ ರಕ್ತದಲ್ಲಿ ಉಳಿದಿರುವಷ್ಟು ಕಾಲ ಲಸಿಕೆಯನ್ನು ನಾಟಲು ಬಿಡುವುದಿಲ್ಲ. ಆ ರಕ್ಷಣೆ ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆಂದು ಹೊರಗಿನಿಂದ ತಿಳಿಯದಿರುವುದರಿಂದ ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಇದನ್ನು ಬಿಡಿಸಿ ಹೇಳುವವರು ನಿನ್ನಿಂದ ಹಣ ಎಳೆಯುತ್ತಿಲ್ಲ. ಎಳೆಯ ಮರಿಗೆ ಒಂದೇ ಸಾಕೆಂದು ಹೇಳಿ ಕಳುಹಿಸುವವರೇ ಮುಂದೆ ದುಬಾರಿಯಾಗುತ್ತಾರೆ. ಲೆಪ್ಟೊ, ಎಂದರೆ ನಮ್ಮ ಇಲಿಜ್ವರ, ಆ ಲಸಿಕೆಯಲ್ಲಿ ಸೇರಿದೆಯೇ ಎಂದು ಕೇಳಲೇಬೇಕು. ಮಳೆಗಾಲದಲ್ಲಿ ಅಡಿಕೆ ತೋಟದ ಕಣಿಯ ನೀರಿನಲ್ಲಿ ಓಡಾಡುವ ನಾಯಿಗೂ ಬರಿಗಾಲಿನಲ್ಲಿ ಅದರ ಹಿಂದೆ ಹೋಗುವ ಮಕ್ಕಳಿಗೂ ಅಂಟುವ ರೋಗವದು.

ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಣ್ಪಿನಲ್ಲಿ ಇಡಬೇಕು. ಜೂನ್-ಜುಲೈಯಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆ ಈ ಪ್ರಶ್ನೆ ಸಣ್ಣದಲ್ಲ. ಕರೆಂಟು ಹೋದಾಗ ಲಸಿಕೆಯನ್ನು ಏನು ಮಾಡುತ್ತೀರಿ ಎಂದು ಕೇಳಿದರೆ ಒಳ್ಳೆಯ ವೈದ್ಯರು ಸಿಟ್ಟಾಗುವುದಿಲ್ಲ, ಇನ್‌ವರ್ಟರೋ ಐಸ್ ಪೆಟ್ಟಿಗೆಯೋ ತೋರಿಸಿಯೇ ಬಿಡುತ್ತಾರೆ. ಅಂಗಡಿಯಿಂದ ನೀನೇ ಕೊಂಡೊಯ್ಯುವುದಾದರೂ ಐಸ್ ಹಾಕಿದ ಫ್ಲಾಸ್ಕಿನಲ್ಲಿ ಒಯ್ಯಬೇಕು, ಬಸ್ಸಿನಲ್ಲಿ ಅಂಗಿಯ ಜೇಬಿನಲ್ಲಲ್ಲ. ಕೊಡುವಾಗ ನೋಡು: ಎರಡು ಪುಟ್ಟ ಸೀಸೆಗಳಿರುತ್ತವೆ, ಒಂದರ ತಳದಲ್ಲಿ ಬಿಳಿಯ ಪುಡಿ ಬಿಲ್ಲೆಯಂತೆ ಕುಳಿತಿರುತ್ತದೆ, ಇನ್ನೊಂದರಲ್ಲಿ ದ್ರವ. ನಿನ್ನ ಕಣ್ಣೆದುರೇ ಮುಚ್ಚಳ ತೆಗೆದು ದ್ರವವನ್ನು ಪುಡಿಗೆ ಸೇರಿಸಿ ಕೂಡಲೇ ಕೊಡಬೇಕು. ಅನಂತರ ಸೀಸೆಯ ಮೇಲಿನ ಚೀಟಿಯನ್ನು ಸುಲಿದು, ಬ್ಯಾಚ್ ಸಂಖ್ಯೆಯೂ ಅವಧಿ ಮುಗಿಯುವ ದಿನಾಂಕವೂ ಕಾಣುವಂತೆ ಮರಿಯ ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಸಹಿ, ನೋಂದಣಿ ಸಂಖ್ಯೆಯಿರುವ ಮೊಹರು ಮತ್ತು ಮುಂದಿನ ದಿನಾಂಕ ಹಾಕಿಸಿಕೊಳ್ಳಬೇಕು. ಮರಿ ಕೊಟ್ಟವರು ಎರಡು ಲಸಿಕೆ ಆಗಿದೆ ಎಂದು ಹೇಳಿದರೆಂದು ಬರೆದಿದ್ದೀಯಲ್ಲ, ಪುಸ್ತಕವಿಲ್ಲದಿದ್ದರೆ ಅದನ್ನು ಆಗಿಲ್ಲವೆಂದೇ ಎಣಿಸು.

ಮೃಗಾಸ್ಪತ್ರೆಯ ಜೊತೆಗೆ ಒಂದು ಖಾಸಗಿ ಕ್ಲಿನಿಕ್ಕನ್ನೂ ಈಗಲೇ ಗೊತ್ತುಮಾಡಿಕೊ. ಕಾಸರಗೋಡು ಪೇಟೆಯೋ ಪುತ್ತೂರೋ ಮಂಗಳೂರೋ, ನಿನ್ನ ಮನೆಯಿಂದ ರಾತ್ರಿ ವಾಹನ ಸಿಗುವ ದಿಕ್ಕನ್ನು ಆರಿಸು. ರಾಜ್ಯದ ಗಡಿ ನಾಯಿಯ ಹೊಟ್ಟೆನೋವಿಗೆ ಅಡ್ಡಬರುವುದಿಲ್ಲ. ಅಲ್ಲಿ ಕೇಳಬೇಕಾದ್ದು ಫೀಸನ್ನಲ್ಲ, ರಕ್ತಪರೀಕ್ಷೆಗೆ ಸೂಕ್ಷ್ಮದರ್ಶಕವಿದೆಯೇ, ರಾತ್ರಿ ಫೋನು ಎತ್ತುತ್ತೀರಾ, ಮರಿಯನ್ನು ಡ್ರಿಪ್ಪಿನಲ್ಲಿ ಇರಿಸಿಕೊಳ್ಳುವ ವ್ಯವಸ್ಥೆ ಇದೆಯೇ ಎಂಬುದನ್ನು. ಸೂಕ್ಷ್ಮದರ್ಶಕದ ಮಾತು ಯಾಕೆಂದರೆ, ನಮ್ಮಲ್ಲಿ ಉಣ್ಣಿಜ್ವರ ಬಹಳ. ನೆರೆಮನೆಯವರ ನಾಯಿ ಅನ್ನ ಬಿಟ್ಟು ಮಲಗಿದಾಗ ಒಂದು ಕಡೆ ಜ್ವರಕ್ಕೂ ಹಸಿವಿಗೂ ಎಂದು ದಿನಾ ಚುಚ್ಚುಮದ್ದು ಕೊಟ್ಟು ಕಳುಹಿಸುತ್ತಿದ್ದರು. ಏನು ಕೊಟ್ಟರೆಂದು ಚೀಟಿಯಲ್ಲಿ ಬರೆಯುವ ಪದ್ಧತಿಯೇ ಅಲ್ಲಿರಲಿಲ್ಲ. ಒಸಡು ಬಿಳುಚಿಕೊಂಡು ಮೂತ್ರ ಕಪ್ಪು ಕಾಫಿಯ ಬಣ್ಣಕ್ಕೆ ತಿರುಗಿದ ಮೇಲೆ ಬೇರೊಬ್ಬರಲ್ಲಿಗೆ ಒಯ್ದರು. ಅವರು ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿ, ಕೆಂಪು ರಕ್ತಕಣಗಳ ಒಳಗೆ ಉಣ್ಣಿಯಿಂದ ಹರಡುವ ಬಬೇಸಿಯ ಎಂಬ ರೋಗಾಣು ಇದೆಯೆಂದು ಹೇಳಿ ಚಿಕಿತ್ಸೆ ಮಾಡಿದರು. ನಾಯಿ ಉಳಿಯಿತು. ಎರಡನೆಯವರ ಬಿಲ್ಲು ದೊಡ್ಡದಾಗಿತ್ತು ಎಂದು ಆ ಮನೆಯವರು ಈಗಲೂ ಗೊಣಗುತ್ತಾರೆ. ಮೊದಲಿನವರಿಗೆ ಚಿಲ್ಲರೆ ಚಿಲ್ಲರೆಯಾಗಿ ಕೊಟ್ಟದ್ದನ್ನು ಕೂಡಿಸಿ ನೋಡಿದವರು ಆ ಮನೆಯಲ್ಲಿ ಯಾರೂ ಇಲ್ಲ!

ಹಣವನ್ನು ಎಲ್ಲಿ ಉಳಿಸಬಹುದು ಎಂದೂ ಹೇಳಿಬಿಡುತ್ತೇನೆ. ಮೊದಲ ಭೇಟಿಯಲ್ಲೇ ಬಣ್ಣದ ಆಹಾರದ ಚೀಲ, ಕೂದಲು ಹೊಳೆಯುವ ಎಣ್ಣೆ, ಟಾನಿಕ್ಕುಗಳ ಸಾಲು ಮೇಜಿನ ಮೇಲೆ ಬಂದರೆ ಕೈಮುಗಿದು ಹಿಂದಕ್ಕೆ ಕೊಡು. ಇದಿಲ್ಲದಿದ್ದರೆ ಮರಿಗೆ ಏನಾಗುತ್ತದೆ ಎಂದು ಕೇಳಿದರೆ ಪ್ರಾಮಾಣಿಕರು ಏನೂ ಆಗುವುದಿಲ್ಲ ಎಂದೇ ಹೇಳುತ್ತಾರೆ. ಉಣ್ಣಿಗೆ ಕೊಡುವ ಔಷಧದಲ್ಲಿ ಮಾತ್ರ ಉಳಿತಾಯ ಬೇಡ, ಮರಿಯ ವಯಸ್ಸಿಗೂ ತೂಕಕ್ಕೂ ಹೊಂದುವುದನ್ನೇ ಬರೆಸಿಕೊ. ಮನೆಯ ಡಬ್ಬಿಯಲ್ಲಿರುವ ಪ್ಯಾರಸಿಟಮಾಲನ್ನೋ ನೋವಿನ ಮಾತ್ರೆಯನ್ನೋ ಅರ್ಧ ಮುರಿದು ಕೊಡುವ ಉಳಿತಾಯವಂತೂ ನಾಯಿಯ ಜೀವಕ್ಕೇ ಎರವಾದೀತು, ಅಮ್ಮನಿಗೆ ಇದನ್ನು ಒತ್ತಿ ಹೇಳು. ಮೃಗಾಸ್ಪತ್ರೆ ಮುಚ್ಚಿರುವ ಹೊತ್ತಿಗೆ 1962 ಎಂಬ ಸಂಖ್ಯೆಗೆ ಕರೆಮಾಡಿ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ನಿಮ್ಮ ಕಡೆಗೆ ಇದೆಯೇ ಎಂದು ಆರಾಮದ ದಿನವೇ ವಿಚಾರಿಸಿಡು. ಎಳೆಯ ಮರಿ ಒಂದೆರಡು ಹೊತ್ತು ಅನ್ನ ಬಿಟ್ಟು ವಾಂತಿ ಮಾಡತೊಡಗಿದರೆ ಬೆಳಗಾಗಲಿ ಎಂದು ಕಾಯಬೇಡ.

ಮೂರು ತಿಂಗಳು ತುಂಬಿದ ಕೂಡಲೇ ರೇಬೀಸ್ ಲಸಿಕೆ ಕೊಡಿಸಿ, ಆ ಪ್ರಮಾಣಪತ್ರವನ್ನು ಇಟ್ಟುಕೊಂಡು ಪಂಚಾಯತಿನಲ್ಲಿ ನಾಯಿಯ ಲೈಸನ್ಸಿಗೆ ಅರ್ಜಿ ಹಾಕು. ಕೇರಳದಲ್ಲಿ ಅದು ಕಡ್ಡಾಯ. ಲಸಿಕೆಯನ್ನು ವೈದ್ಯರು ಬರೆದ ದಿನಾಂಕಕ್ಕೆ ಮತ್ತೆ ಕೊಡಿಸುತ್ತಿರಬೇಕು. ಮರಿ ಗಂಡೋ ಹೆಣ್ಣೋ ಎಂದು ನೀನು ಬರೆದಿಲ್ಲ. ಹೆಣ್ಣಾದರೆ ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನು ಯಾವಾಗ, ಎಲ್ಲಿ ಮಾಡಿಸಬಹುದು, ಒಟ್ಟು ಎಷ್ಟಾದೀತು ಎಂದು ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊ, ಮತ್ತು ವೈದ್ಯರು ಹೇಳಿದ್ದನ್ನು ನನಗೂ ತಿಳಿಸು. ನಮ್ಮ ಮನೆಯ ನಾಯಿ ಕರಿಯಮ್ಮನಿಗೂ ಈ ಬೇಸಗೆಯೊಳಗೆ ಅದನ್ನು ಮಾಡಿಸಬೇಕೆಂದಿದ್ದೇವೆ.

ಅಮ್ಮನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇತಿ ನಿನ್ನ ಗೆಳೆಯ,
ಕೃಷ್ಣ