ಹಳೆಯ ಕ್ವಾರ್ಟರ್‌ಬ್ಯಾಕ್‌ಗಳ ನೆನಪು: ಸದಸ್ಯರಿಗೆ ಸೂಚನೆ

ಸ್ನೇಹಿತರೇ, ಅಮೆರಿಕನ್ ಫುಟ್‌ಬಾಲ್‌ನ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಹಳೆಯ ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡೆಸೆದು ದಾಳಿ ನಡೆಸುವ ಆಟಗಾರರ) ಮಾತು ನಿನ್ನೆ ರಾತ್ರಿ ಜಗಳಕ್ಕೆ ತಿರುಗಿತು. ಜೋ ಮೊಂಟಾನಾ ದೊಡ್ಡವರೋ ಸ್ಟೀವ್ ಯಂಗ್ ದೊಡ್ಡವರೋ ಎಂಬ ವಾದ ಇಲ್ಲಿಗೆ ಸಾಕು, ಕಂಡದ್ದನ್ನು ಬರೆಯಿರಿ.

1989ರ ಸೂಪರ್ ಬೌಲ್‌ನಲ್ಲಿ (ಲೀಗ್‌ನ ಅಂತಿಮ ಪಂದ್ಯ) ಸಿನ್ಸಿನಾಟಿ ತಂಡದ ಎದುರು ಮೂರು ಅಂಕ ಹಿಂದಿದ್ದಾಗ, ಮೂರು ನಿಮಿಷ ಚಿಲ್ಲರೆ ಉಳಿದಿತ್ತು. ಮೊಂಟಾನಾ ತಂಡವನ್ನು 92 ಗಜ ನಡೆಸಿಕೊಂಡು ಹೋಗಿ, 34 ಸೆಕೆಂಡ್ ಬಾಕಿ ಇರುವಾಗ ಸಹ ಆಟಗಾರ ಟೇಲರ್‌ಗೆ ಚೆಂಡು ಎಸೆದು ಗೆಲ್ಲಿಸಿದರು. ಅದನ್ನು ಟಿವಿಯಲ್ಲಿ ನೋಡಿದವರು ದಯವಿಟ್ಟು ವಿವರವಾಗಿ ಬರೆಯಿರಿ.

1995ರ ಸೂಪರ್ ಬೌಲ್‌ನಲ್ಲಿ ಯಂಗ್ ಎಸೆದ ಆರು ಟಚ್‌ಡೌನ್‌ಗಳೂ (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಎಸೆತಗಳು) ಬರಲಿ. (ನನ್ನ ಮತ ಅವರಿಗೇ, ನಿರ್ವಾಹಕನಾದ್ದರಿಂದ ಸುಮ್ಮನಿದ್ದೇನೆ.) ನಮ್ಮ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಗಾರ್ಸಿಯಾ ಅವರನ್ನು ಮರೆಯಬೇಡಿ: 2003ರ ಜನವರಿಯಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡದ ಎದುರು 24 ಅಂಕ ಹಿಂದೆ ಬಿದ್ದೂ 39-38ರ ಗೆಲುವು!

ವಿಡಿಯೊಗಳನ್ನು ಮಧ್ಯರಾತ್ರಿ ಕಳುಹಿಸಬೇಡಿ.