ನಮ್ಮ ಲಾಡ್ಜ್‌ನ ವೇಳೆ ಬದಲಾಗುತ್ತಿದೆ: ಶ್ರವಣಬೆಳಗೊಳಕ್ಕೆ ಬರುವ ಅತಿಥಿಗಳಿಗೆ ಒಂದು ಪತ್ರ

ಆತ್ಮೀಯ ಅತಿಥಿಗಳೇ, ನಮಸ್ಕಾರ.

ಮಾರ್ಚ್ 1ರಿಂದ ಶ್ರವಣಬೆಳಗೊಳದ ನಮ್ಮ ಲಾಡ್ಜ್‌ನಲ್ಲಿ ರೂಮಿನ ಮತ್ತು ಊಟ ತಿಂಡಿಯ ವೇಳೆ ಬದಲಾಗುತ್ತದೆ. ಏನೇನು ಬದಲಾಗುತ್ತದೆ ಅಂತ ಮೊದಲು ಹೇಳಿಬಿಡುತ್ತೇವೆ. ಯಾಕೆ ಅನ್ನುವುದು ಸ್ವಲ್ಪ ಉದ್ದದ ಮಾತು, ಅದು ಆಮೇಲೆ.

ರೂಮ್ ಖಾಲಿ ಮಾಡಲು ಇದುವರೆಗೆ ಬೆಳಿಗ್ಗೆ 11 ಗಂಟೆಯ ಗಡುವಿತ್ತು. ಇನ್ನು ಮಧ್ಯಾಹ್ನ 2ರವರೆಗೆ ಇರಬಹುದು. ಹೊಸದಾಗಿ ಬಂದವರಿಗೆ 12 ಗಂಟೆಗೆ ರೂಮ್ ಕೊಡುತ್ತಿದ್ದೆವು. ಇನ್ನು 3:30ಕ್ಕೆ ಕೊಡುತ್ತೇವೆ. ಅಡುಗೆಮನೆಯಲ್ಲಿ ಬೆಳಿಗ್ಗೆ 5:30ಕ್ಕೇ ಕಾಫಿ, ಹಾಲು, ಬಾಳೆಹಣ್ಣು ಸಿಗುತ್ತದೆ. ತಿಂಡಿ 8ರಿಂದ 10:30ರವರೆಗೆ. ಸಂಜೆಯ ಊಟ 5 ಗಂಟೆಗೇ ಶುರುವಾಗಿ ರಾತ್ರಿ 8:30ಕ್ಕೆ ಮುಗಿಯುತ್ತದೆ. ಮೊದಲು 10 ಗಂಟೆಯವರೆಗೂ ಬಡಿಸುತ್ತಿದ್ದೆವು, ಅದು ಇನ್ನಿಲ್ಲ. ಬಾಡಿಗೆ ಮೊದಲಿನಷ್ಟೇ.

ಈಗ ಕಾರಣ.

ನಮ್ಮಲ್ಲಿ ಇಳಿದುಕೊಳ್ಳುವ ಬಹಳಷ್ಟು ಜನರ ಬೆಳಗು ಹೀಗೆ ಕಳೆಯುತ್ತದೆ. ರಾತ್ರಿ ತಡವಾಗಿ ಬಂದಿರುತ್ತಾರೆ, ಏಳುವುದೂ ತಡ. ಎದ್ದು ಸ್ನಾನ, ತಿಂಡಿ, ಮಕ್ಕಳನ್ನು ಹೊರಡಿಸುವುದು ಅನ್ನುವಷ್ಟರಲ್ಲಿ ಒಂಬತ್ತೂವರೆ. 11ಕ್ಕೆ ರೂಮ್ ಬಿಡಬೇಕಲ್ವಾ, ಹಾಗಾಗಿ ಲಗೇಜ್ ಎಲ್ಲ ಕಟ್ಟಿ ಕಾರಿಗೆ ತುಂಬಿ, ಆಮೇಲೆ ದೊಡ್ಡಬೆಟ್ಟದ ಬುಡಕ್ಕೆ ಹೋಗುತ್ತಾರೆ. ಮೆಟ್ಟಿಲು ಹತ್ತಲು ಶುರು ಮಾಡುವಾಗ ಬಿಸಿಲು ನೆತ್ತಿಗೆ ಬರುತ್ತಿರುತ್ತದೆ.

ದೊಡ್ಡಬೆಟ್ಟ, ಅಂದರೆ ವಿಂಧ್ಯಗಿರಿ, ಊರಿನ ನೆಲದಿಂದ ಸುಮಾರು 470 ಅಡಿ ಎತ್ತರ. ಬಂಡೆಯಲ್ಲೇ ಕಡೆದ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಚಪ್ಪಲಿ ಕೆಳಗೇ ಬಿಡಬೇಕು. ದಾರಿಯಲ್ಲಿ ಮರದ ನೆರಳು ಅಂತ ಹೇಳಿಕೊಳ್ಳುವಂಥದ್ದು ಇಲ್ಲ, ಬರೀ ಬೋಳು ಬಂಡೆ. ಈ ಕಲ್ಲು ಬೇಗ ಕಾಯುತ್ತದೆ, ಕಾದರೆ ಸಂಜೆಯವರೆಗೂ ಆರುವುದಿಲ್ಲ. ಮಾರ್ಚ್‌ನಿಂದ ಮೇವರೆಗೆ ಹನ್ನೊಂದು ಗಂಟೆ ದಾಟಿದ ಮೇಲೆ ಅದರ ಮೇಲೆ ಬರಿಗಾಲಿಡುವುದು ಕಾದ ಹೆಂಚಿನ ಮೇಲೆ ಕಾಲಿಟ್ಟ ಹಾಗೆ. ಕೆಳಗೆ ಸಾಕ್ಸ್ ಮಾರುತ್ತಾರೆ, ಅದರಿಂದ ಕಾಲಿಗೆ ಸ್ವಲ್ಪ ಅನುಕೂಲ ಆಗುತ್ತದೆ. ತಲೆಯ ಮೇಲಿನ ಬಿಸಿಲಿಗೆ ಸಾಕ್ಸ್ ಏನು ಮಾಡೀತು? ಅರ್ಧ ದಾರಿಯಲ್ಲಿ ಮಕ್ಕಳು ಅಳುತ್ತವೆ. ವಯಸ್ಸಾದವರು ಕೂತುಬಿಡುತ್ತಾರೆ. ಬಹಳ ವರ್ಷದ ಆಸೆ ಇಟ್ಟುಕೊಂಡು ಬಂದವರು ಅರ್ಧಕ್ಕೇ ಇಳಿದು ಬಂದು ನಮ್ಮ ಜಗಲಿಯಲ್ಲಿ ಸುಮ್ಮನೆ ಕೂರುವುದನ್ನು ನೋಡಿದರೆ ನಮಗೆ ಹೊಟ್ಟೆ ಸಂಕಟವಾಗುತ್ತದೆ.

ಇನ್ನು ಹೇಗೋ ಮೇಲೆ ಮುಟ್ಟಿದವರ ಮಾತು. ಅವರೂ ದಡಬಡನೆ ನೋಡಿ ಇಳಿಯುತ್ತಾರೆ. ಗೊಮ್ಮಟ ಉತ್ತರಕ್ಕೆ ಮುಖ ಮಾಡಿ ನಿಂತಿದ್ದಾನೆ. ಚಳಿಗಾಲದ ತಿಂಗಳುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಅಂದರೆ ಮೂರ್ತಿಯ ಬೆನ್ನ ಹಿಂದೆ. ಆ ಹೊತ್ತಿಗೆ ಹೋದರೆ ಮುಖದ ಮೇಲೆ ನೆರಳು, ನಿಮ್ಮ ಕಣ್ಣಿಗೆ ಬಿಸಿಲು. ಫೋಟೋದಲ್ಲಿ ಮುಖ ಕಪ್ಪಾಗಿ ಬಂತು ಅಂತ ಎಷ್ಟೋ ಜನ ಬೇಜಾರು ಮಾಡಿಕೊಂಡಿದ್ದಾರೆ. ಅದೇ ಬೆಳಿಗ್ಗೆ ಹೋಗಿ ನೋಡಿ. ಪೂರ್ವದಿಂದ, ಅವನ ಬಲಗಡೆಯಿಂದ, ಬೆಳಕು ಓರೆಯಾಗಿ ಬೀಳುತ್ತದೆ. ಗುಂಗುರು ಕೂದಲು, ತುಟಿಯಂಚಿನ ನಗು, ತೊಡೆಯಿಂದ ತೋಳಿಗೆ ಹಬ್ಬಿದ ಮಾಧವಿ ಬಳ್ಳಿ, ಕಾಲಬಳಿಯ ಹುತ್ತ, ಹುತ್ತದಿಂದ ಹೊರಬಂದ ಹಾವು, ಎಲ್ಲ ಬಿಡಿಬಿಡಿಯಾಗಿ ಕಾಣುತ್ತದೆ. 58 ಅಡಿಯ ಮೂರ್ತಿಯನ್ನು ಒಂದೇ ಕಲ್ಲಿನಲ್ಲಿ ಕಡೆದಿದ್ದಾರೆ ಅನ್ನುವುದು ಎಲ್ಲರಿಗೂ ಗೊತ್ತು. ಆ ಕೆಲಸ ಎಷ್ಟು ನಾಜೂಕು ಅನ್ನುವುದು ಈ ಓರೆ ಬೆಳಕಿನಲ್ಲೇ ತಿಳಿಯುವುದು. ಗಂಗರ ಮಂತ್ರಿ ಚಾವುಂಡರಾಯ 981ರಲ್ಲಿ ನಿಲ್ಲಿಸಿದ್ದು. ಪಾದದ ಪಕ್ಕದಲ್ಲಿ ಅವನೇ ಮಾಡಿಸಿದ ಅಂತ ಕನ್ನಡದಲ್ಲೂ ಮರಾಠಿಯಲ್ಲೂ ಕೆತ್ತಿದೆ. ತಂಪು ಹೊತ್ತಿನಲ್ಲಿ ಹೋದವರಿಗೆ ಅದನ್ನು ನಿಂತು ಓದುವ ಪುರುಸೊತ್ತೂ ಇರುತ್ತದೆ.

ಗೊಮ್ಮಟನ ಹತ್ತಿರ ಹೋಗುವ ದಾರಿಯಲ್ಲಿ ಇರುವುದನ್ನೂ ಬಿಡಬೇಡಿ. ಒಡೆಗಲ್ಲು ಬಸದಿಗೆ ಉದ್ದುದ್ದದ ಕಲ್ಲಿನ ಊರೆ ಕೊಟ್ಟಿದ್ದಾರೆ. ತ್ಯಾಗದ ಕಂಬದ ಬಳ್ಳಿ ಕೆತ್ತನೆ ನೋಡಿ. ಅಖಂಡ ಬಾಗಿಲನ್ನು ಒಂದೇ ಬಂಡೆಯಲ್ಲಿ ಕೊರೆದಿದ್ದಾರೆ, ಮೇಲೆ ಗಜಲಕ್ಷ್ಮಿ ಇದ್ದಾಳೆ. ಗುಳ್ಳಕಾಯಜ್ಜಿಯ ಮುಂದೆ ಒಂದು ನಿಮಿಷ ನಿಂತು ಮಕ್ಕಳಿಗೆ ಅವಳ ಕಥೆ ಹೇಳಿ. ದೊಡ್ಡವರು ಕೊಡಗಟ್ಟಲೆ ಹಾಲು ಹೊಯ್ದರೂ ಗೊಮ್ಮಟನ ಪಾದಕ್ಕೆ ಇಳಿಯಲಿಲ್ಲ, ಅಜ್ಜಿಯ ಗುಳ್ಳಕಾಯಿಯಷ್ಟು ಹಾಲು ಪಾದ ತೊಳೆಯಿತು ಅನ್ನುವ ಕಥೆಯನ್ನು ಅಲ್ಲೇ, ಆ ಮೂರ್ತಿಯ ಎದುರೇ ಕೇಳಬೇಕು.

ಇಷ್ಟನ್ನೂ ಸಮಾಧಾನವಾಗಿ ನೋಡಿ ಇಳಿಯಲು ಎರಡರಿಂದ ಮೂರು ಗಂಟೆ ಬೇಕು. ಬಿಸಿಲೇರುವ ಮುಂಚೆ ಹತ್ತಿದರೆ ಒಂಬತ್ತು, ಒಂಬತ್ತೂವರೆಗೆ ಕೆಳಗಿರುತ್ತೀರಿ. ಆಗ ತಿಂಡಿ ಬಿಸಿಬಿಸಿ ಇರಬೇಕು. ಸ್ನಾನಕ್ಕೆ ನೀರು ಇರಬೇಕು. ಒಂದು ಗಳಿಗೆ ಮಲಗಲು ರೂಮ್ ಇರಬೇಕು. ಹಳೆಯ ವೇಳೆಯಲ್ಲಿ ಇದು ಯಾವುದೂ ಆಗುತ್ತಿರಲಿಲ್ಲ. ಬೆಟ್ಟ ಇಳಿದು ಬಂದವರ ಕೈಗೆ ನಾವು ಬಿಲ್ ಕೊಡುತ್ತಿದ್ದೆವು. ಈ ಊರಿಗೆ ಜನ ಬರುವುದು ಬೆಟ್ಟಕ್ಕಾಗಿ. ಹಾಗಾಗಿ ಲಾಡ್ಜ್ ನಡೆಯಬೇಕಾದ್ದೂ ಬೆಟ್ಟದ ಹೊತ್ತಿಗೇ ಅನ್ನುವುದು ನಮ್ಮ ತೀರ್ಮಾನ. ಬಿಸಿನೀರನ್ನೂ 11 ಗಂಟೆಯವರೆಗೆ ಬಿಡುತ್ತೇವೆ. ಆದರೆ ಬೇಸಿಗೆಯಲ್ಲಿ ನೀರನ್ನು ಹಿತಮಿತವಾಗಿ ಬಳಸಿ, ದಯವಿಟ್ಟು.

ಮಧ್ಯಾಹ್ನ 12ಕ್ಕೆ ಬಂದು ಇಳಿಯುವವರಿಗೆ ಇದರಿಂದ ತೊಂದರೆ ಆಗುತ್ತದೆ, ನಮಗೆ ಗೊತ್ತು. ಎರಡು ಗಂಟೆಗೆ ಖಾಲಿಯಾದ ರೂಮನ್ನು ಚೊಕ್ಕಟ ಮಾಡದೆ ಕೊಡಲು ನಮಗೆ ಮನಸ್ಸು ಬರುವುದಿಲ್ಲ. ಕೆಲಸದ ಹೆಣ್ಣುಮಕ್ಕಳು ಸುತ್ತಲ ಹಳ್ಳಿಗಳಿಂದ ಬರುವವರು, ಅವರನ್ನು ಅರ್ಧ ಗಂಟೆಯಲ್ಲಿ ಎಲ್ಲ ರೂಮ್ ಮುಗಿಸಿ ಅಂತ ಓಡಿಸುವುದೂ ಸರಿಯಲ್ಲ. ಹೊದಿಕೆ ಬದಲಿಸಬೇಕು, ಬಚ್ಚಲು ತಿಕ್ಕಬೇಕು, ನೆಲ ಒರೆಸಿ ಒಣಗಬೇಕು. ಅದಕ್ಕೆ ಒಂದೂವರೆ ಗಂಟೆ ಇಟ್ಟುಕೊಂಡಿದ್ದೇವೆ.

ಅಲ್ಲಿಯವರೆಗೆ ಕಾಯುವವರಿಗಾಗಿ ಕೆಳಗಿನ ಹಾಲ್‌ನಲ್ಲಿ ಬೀಗ ಹಾಕುವ ಕಪಾಟು ಇಟ್ಟಿದ್ದೇವೆ. ಪಕ್ಕದಲ್ಲೇ ಎರಡು ಬಚ್ಚಲು, ಕಾಲು ಚಾಚಲು ಚಾಪೆ ದಿಂಬು ಇದೆ. ದುಡ್ಡು ಕೊಡಬೇಕಿಲ್ಲ. ಬೆಂಗಳೂರು-ಹಾಸನ ರೈಲು ಮಾರ್ಗ 2017ರಲ್ಲಿ ಶುರುವಾದ ಮೇಲೆ ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬೊಬ್ಬರೇ ಬರುವವರು ಜಾಸ್ತಿ ಆಗಿದ್ದಾರೆ. ಅವರು ಬ್ಯಾಗ್ ಇಟ್ಟು ಊರು ಸುತ್ತಿ ಬರಬಹುದು. ಎರಡು ಬೆಟ್ಟಗಳ ನಡುವೆ ಕಲ್ಯಾಣಿ ಇದೆ. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿ ಇದೆ, ಅಲ್ಲಿ ಇಪ್ಪತ್ತನಾಲ್ಕು ತೀರ್ಥಂಕರರೂ ಸಾಲಾಗಿ ನಿಂತಿದ್ದಾರೆ. ಅಕ್ಕನ ಬಸದಿ ಆಚಿಯಕ್ಕ 1181ರಲ್ಲಿ ಕಟ್ಟಿಸಿದ್ದು. ಮಠದ ಗೋಡೆಯ ಚಿತ್ರಗಳನ್ನು ನೋಡದೆ ಹೋಗಬೇಡಿ. ಇವೆಲ್ಲ ನೆರಳಿನಲ್ಲಿ ನೋಡುವಂಥವು, ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದವು.

ಬೆಂಗಳೂರಿನಿಂದ ಬೇಲೂರು ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಂದೆರಡು ಗಂಟೆಯಲ್ಲಿ ಬೆಳಗೊಳ ಮುಗಿಸುವುದು ಈಗ ರೂಢಿಯಾಗಿದೆ. ಹಾಗೆ ಬಂದವರಿಗೆ ಒಂದು ಬೆಟ್ಟ ಮಾತ್ರ ಕಾಣುತ್ತದೆ. ಚಿಕ್ಕಬೆಟ್ಟ, ಅಂದರೆ ಚಂದ್ರಗಿರಿ, ಹಾಗೇ ಉಳಿದುಹೋಗುತ್ತದೆ. ನಮ್ಮ ಕೇಳಿಕೆ ಏನೆಂದರೆ, 3:30ಕ್ಕೆ ರೂಮ್ ಸಿಕ್ಕ ಮೇಲೆ ಮುಖ ತೊಳೆದು ನೇರ ಚಂದ್ರಗಿರಿಗೆ ಹೋಗಿ. ಮೆಟ್ಟಿಲು ಕಡಿಮೆ, ಜನವೂ ಕಡಿಮೆ. ವಯಸ್ಸಿನಲ್ಲಿ ಅದು ಗೊಮ್ಮಟನಿಗಿಂತ ಹಿರಿದು. ಭದ್ರಬಾಹು ಮುನಿಗಳು, ಅವರ ಶಿಷ್ಯನಾಗಿ ಬಂದ ಚಂದ್ರಗುಪ್ತ ಮೌರ್ಯ ಇಲ್ಲೇ ಕೊನೆಗಾಲ ಕಳೆದರು ಅನ್ನುವುದು ಪರಂಪರೆಯ ನಂಬಿಕೆ. ಅವರ ನೆನಪಿನ ಗುಹೆ ಇದೆ. ಸುಮಾರು ಕ್ರಿ.ಶ. 600ರ ಹೊತ್ತಿನ ಶಾಸನ ಇಲ್ಲಿದೆ. ಬೆಳಗೊಳ ಮತ್ತು ಸುತ್ತಮುತ್ತ ಸಿಕ್ಕಿರುವ ಶಾಸನಗಳು ಐನೂರಕ್ಕೂ ಹೆಚ್ಚು, ಅದರಲ್ಲಿ ಎಷ್ಟೋ ಈ ಬೆಟ್ಟದ ಬಂಡೆಯ ಮೇಲೇ ಇವೆ. ಊಟ ನೀರು ಬಿಟ್ಟು, ಸಲ್ಲೇಖನದಿಂದ ಪ್ರಾಣ ಬಿಟ್ಟವರ ಹೆಸರುಗಳು. ಬಂಡೆಯ ಮೇಲೆ ಅಕ್ಷರ ಕಂಡರೆ ಕಾಲಿಡಬೇಡಿ, ಸುತ್ತಿ ಹೋಗಿ. ವಿಷ್ಣುವರ್ಧನನ ರಾಣಿ ಶಾಂತಲೆ ಕಟ್ಟಿಸಿದ ಸವತಿಗಂಧವಾರಣ ಬಸದಿ ಅಲ್ಲೇ ಇದೆ, 1123ರದ್ದು. ಅವಳು ಕುಣಿದದ್ದರ ಬಗ್ಗೆ ಬೇಲೂರಿನಲ್ಲಿ ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಅವಳು ಕಟ್ಟಿಸಿದ್ದನ್ನು ನೋಡಲು ಇಲ್ಲಿಗೇ ಬರಬೇಕು.

ಸಂಜೆ ಚಿಕ್ಕಬೆಟ್ಟ, ಬೇಗ ಊಟ, ಬೇಗ ನಿದ್ದೆ, ಬೆಳಿಗ್ಗೆ ದೊಡ್ಡಬೆಟ್ಟ. ಹೊಸ ವೇಳೆಯನ್ನು ಇದಕ್ಕೆ ಹೊಂದುವಂತೆ ಮಾಡಿದ್ದೇವೆ.

ಊಟದ ಬಗ್ಗೆ ಇನ್ನೊಂದು ಮಾತು. ಸೂರ್ಯ ಮುಳುಗಿದ ಮೇಲೆ ಊಟ ಮಾಡದ ಜೈನ ಯಾತ್ರಿಕರು ನಮ್ಮಲ್ಲಿ ಸದಾ ಇರುತ್ತಾರೆ. ಡಿಸೆಂಬರ್‌ನಲ್ಲಿ ಇಲ್ಲಿ 6 ಗಂಟೆ ಆಸುಪಾಸಿಗೇ ಸೂರ್ಯ ಮುಳುಗುತ್ತಾನೆ. 7ಕ್ಕೆ ಊಟ ಶುರು ಮಾಡಿದರೆ ಅವರು ಹಣ್ಣು ಕೂಡ ಮುಟ್ಟದೆ ಮಲಗಬೇಕಿತ್ತು. ಯಾತ್ರಾಸ್ಥಳದಲ್ಲಿ ಯಾತ್ರಿಕರೇ ಹಸಿದು ಮಲಗುವುದು ಯಾವ ನ್ಯಾಯ? 5 ಗಂಟೆಗೆ ಅನ್ನ, ತೊವ್ವೆ, ಪಲ್ಯ, ಚಪಾತಿ ಸಿದ್ಧ ಇರುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಮೂಲಂಗಿ, ಕ್ಯಾರೆಟ್ ಯಾವುದೂ ಅದರಲ್ಲಿ ಇರುವುದಿಲ್ಲ. ಪಾತ್ರೆ, ಸೌಟು, ಒಲೆ ಎಲ್ಲ ಬೇರೆ. 6:30ರ ಮೇಲೆ ಎಲ್ಲರಿಗೂ ಮಾಮೂಲಿ ಊಟ, ಮುದ್ದೆ ಸಾರು ಕೂಡ. ಶುಕ್ರವಾರ ಆಫೀಸ್ ಮುಗಿಸಿ ಹೊರಟು ತಡವಾಗಿ ಬರುವವರು ಸಂಜೆ 7ರೊಳಗೆ ಒಂದು ಫೋನ್ ಮಾಡಿ. ಚಿತ್ರಾನ್ನ, ಮೊಸರನ್ನ ಮುಚ್ಚಿಟ್ಟಿರುತ್ತೇವೆ. ಬಾಗಿಲು ತೆಗೆಯಲು ರಾತ್ರಿಯಿಡೀ ಒಬ್ಬರು ಇರುತ್ತಾರೆ. ಅವರ ಕೈಯಲ್ಲಿ ಅಡುಗೆ ಮಾಡಿಸುವುದು ಮಾತ್ರ ಆಗುವುದಿಲ್ಲ. ಬೆಳಿಗ್ಗೆ 5ಕ್ಕೆ ಒಲೆ ಹಚ್ಚುವವರು ರಾತ್ರಿ 10ರವರೆಗೆ ನಿಂತಿರಲಾರರು.

ಟ್ಯಾಕ್ಸಿ ಡ್ರೈವರ್‌ಗಳಿಗೆ ಹಿಂದಿನ ಕೋಣೆಯಲ್ಲಿ ಮಂಚ, ಫ್ಯಾನ್, ಸ್ನಾನಕ್ಕೆ ನೀರು ಎಂದಿನಂತೆ ಇರುತ್ತದೆ. ಅವರ ಮಧ್ಯಾಹ್ನದ ನಿದ್ದೆಗೂ 2 ಗಂಟೆಯವರೆಗೆ ಅವಕಾಶ ಇದೆ. ನಿಮ್ಮ ಡ್ರೈವರ್‌ಗೆ ಇದನ್ನು ತಿಳಿಸಿ, ಕಾರಿನಲ್ಲಿ ಮಲಗಲು ಬಿಡಬೇಡಿ.

ಬಿಲ್ ಬಗ್ಗೆ ಪದೇ ಪದೇ ಕೇಳುವುದರಿಂದ ಇಲ್ಲೇ ಬರೆಯುತ್ತೇವೆ. ಸಾಮಾನ್ಯ ಡಬಲ್ ರೂಮ್ 900 ರೂಪಾಯಿ, ಅದರ ಮೇಲೆ ಜಿಎಸ್‌ಟಿ. 2022ರ ಜುಲೈವರೆಗೆ 1,000 ರೂಪಾಯಿವರೆಗಿನ ರೂಮಿಗೆ ಈ ತೆರಿಗೆ ಇರಲಿಲ್ಲ, ಆಮೇಲೆ ಶೇ 12 ಆಯಿತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ರೂಮಿಗೆ ಶೇ 5. ಹಾಗಾಗಿ 900ರ ರೂಮಿಗೆ ನೀವು ಕೊಡುವುದು ಒಟ್ಟು 945 ರೂಪಾಯಿ. ಶನಿವಾರ ಭಾನುವಾರವೂ ಇದೇ ದರ.

ಅಪ್ಪ ಅಮ್ಮನನ್ನು ಕರೆತರುವವರು ಮುಂಚೆಯೇ ಹೇಳಿದರೆ ಕೆಳಗಿನ ಅಂತಸ್ತಿನ ರೂಮ್ ಕೊಡುತ್ತೇವೆ, ನಮ್ಮಲ್ಲಿ ಲಿಫ್ಟ್ ಇಲ್ಲ. ಮಂಡಿ ನೋವಿನವರಿಗೆ ಬೆಟ್ಟದ ಬುಡದಲ್ಲಿ ಡೋಲಿ ಸಿಗುತ್ತದೆ. ಡೋಲಿ ಹತ್ತುವುದಿದ್ದರೂ ಬೆಳಿಗ್ಗೆಯೇ ಹೋಗಿ. ಹೊರುವವರ ಕಾಲೂ ಬರಿಗಾಲೇ.

2030ರ ಮಹಾಮಸ್ತಕಾಭಿಷೇಕಕ್ಕೆ ಈಗಲೇ ರೂಮ್ ಕೇಳುತ್ತಿರುವವರಿಗೆ: ದಿನಾಂಕ ಅಧಿಕೃತವಾಗಿ ಪ್ರಕಟವಾಗುವವರೆಗೆ ಯಾರಿಂದಲೂ ಮುಂಗಡ ತೆಗೆದುಕೊಳ್ಳುವುದಿಲ್ಲ. ನಮ್ಮ ಹೆಸರು ಹೇಳಿಕೊಂಡು ಯಾರಾದರೂ ಕೇಳಿದರೆ ಕೊಡಬೇಡಿ.

ಮಾರ್ಚ್ 1ರ ನಂತರದ ದಿನಗಳಿಗೆ ಈಗಾಗಲೇ ಬುಕ್ ಮಾಡಿರುವವರಿಗೂ ಹೊಸ ವೇಳೆಯೇ ಅನ್ವಯ. ಅದು ನಿಮಗೆ ಹೊಂದುವುದಿಲ್ಲ ಅಂದರೆ ಫೆಬ್ರವರಿ ಕೊನೆಯೊಳಗೆ ತಿಳಿಸಿ, ಮುಂಗಡ ಪೂರ್ತಿ ವಾಪಸ್ ಮಾಡುತ್ತೇವೆ. ಬೇರೆ ದಿನಕ್ಕೆ ಬದಲಿಸಿಕೊಳ್ಳುವುದಾದರೂ ಸರಿ. ಬೆಳಿಗ್ಗೆ ಎಬ್ಬಿಸಬೇಕು ಅನ್ನುವವರು ರಾತ್ರಿಯೇ ಕೌಂಟರ್‌ನಲ್ಲಿ ರೂಮ್ ನಂಬರ್ ಮತ್ತು ಹೊತ್ತು ಬರೆಸಿ ಮಲಗಿ, ಬಂದು ಬಾಗಿಲು ತಟ್ಟುತ್ತೇವೆ.

ನಿಮ್ಮವರು,
ಲಾಡ್ಜ್‌ನ ಪಾಲುದಾರರು ಮತ್ತು ಸಿಬ್ಬಂದಿ
ಶ್ರವಣಬೆಳಗೊಳ, ಹಾಸನ ಜಿಲ್ಲೆ