‘ಬ್ಲೂ ಲೈನ್ಸ್’ ಬರಿಯ ಹಿನ್ನೆಲೆ ಸದ್ದಲ್ಲ

ಮಾನ್ಯರೇ,

ಕಳೆದ ವಾರದ ಸಾಪ್ತಾಹಿಕ ಪುರವಣಿಯ ಲೇಖನವೊಂದು ಡೌನ್‌ಟೆಂಪೊ ಸಂಗೀತವನ್ನು (ನಿಧಾನಗತಿಯ ತಾಳದ ಎಲೆಕ್ಟ್ರಾನಿಕ್ ಸಂಗೀತ) ಕಾಫಿ ಅಂಗಡಿಗಳ ಹಿನ್ನೆಲೆ ಸದ್ದೆಂದು ಒಂದೇ ಮಾತಿನಲ್ಲಿ ತಳ್ಳಿಹಾಕಿರುವುದು ಸರಿಯಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ನ ಮ್ಯಾಸಿವ್ ಅಟ್ಯಾಕ್ ತಂಡ 1991ರಲ್ಲಿ ಹೊರತಂದ ‘ಬ್ಲೂ ಲೈನ್ಸ್’ ಆಲ್ಬಮ್ಮನ್ನು ಲೇಖಕರು ಕಿವಿಗೊಟ್ಟು ಕೇಳಿದ್ದರೆ ಹಾಗೆ ಬರೆಯುತ್ತಿರಲಿಲ್ಲ. ‘ವೈಲ್ಡ್ ಬಂಚ್’ ಎಂಬ ಸೌಂಡ್ ಸಿಸ್ಟಮ್ ಬಳಗದಲ್ಲಿ (ಭಾರೀ ಧ್ವನಿವರ್ಧಕಗಳಿಟ್ಟು ಕೂಟಗಳಲ್ಲಿ ಹಾಡು ನುಡಿಸುವ ಗುಂಪು) ಪಳಗಿದ್ದ ತಂಡದ ಈ ಮೂವರು ಹಿಪ್-ಹಾಪ್‌ನ ತಾಳವನ್ನು ವಿಳಂಬಕ್ಕಿಳಿಸಿ, ಅದಕ್ಕೆ ರೆಗ್ಗೆಯಿಂದ ಹುಟ್ಟಿದ ಜಮೈಕಾದ ಡಬ್ ಶೈಲಿಯನ್ನೂ ಅಮೆರಿಕದ ಸೋಲ್ ಸಂಗೀತವನ್ನೂ ಬೆಸೆದು, ಹಾಡಲು ಅತಿಥಿಗಳನ್ನು ಕರೆಸಿಕೊಂಡರು. ‘ಅನ್‌ಫಿನಿಶ್ಡ್ ಸಿಂಪಥಿ’ಯಲ್ಲಿ ತಾಳವಾದ್ಯಗಳ ಮೇಲೆ ತೇಲಿಬರುವ ಶಾರಾ ನೆಲ್ಸನ್ ಅವರ ಕಂಠವನ್ನು ಪಿಟೀಲುಗಳ ದೊಡ್ಡ ಮೇಳವೊಂದು ಮೆಲ್ಲಗೆ ಎತ್ತಿ ಹಿಡಿಯುತ್ತದೆ, ಆ ಮೇಳದ ಖರ್ಚಿಗಾಗಿ ತಂಡದವರು ಕಾರನ್ನೇ ಮಾರಿದ್ದರಂತೆ. ‘ಒನ್ ಲವ್’ನಲ್ಲಿ ಜಮೈಕಾದ ಹಿರಿಯ ಗಾಯಕ ಹೊರೇಸ್ ಆ್ಯಂಡಿ ಅವರ ನಡುಗುವ ದನಿಯ ಕೆಳಗೆ ಮತ್ತೆ ಮತ್ತೆ ಸುತ್ತಿಬರುವ, ಹಳೆಯ ಧ್ವನಿಮುದ್ರಿಕೆಯಿಂದ ಎತ್ತಿಕೊಂಡ ತುಣುಕು ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಜಾಝ್-ರಾಕ್ ತಂಡ ಮಹಾವಿಷ್ಣು ಆರ್ಕೆಸ್ಟ್ರಾದ್ದು. (ಮುಂದೆ ಜಾಕಿರ್ ಹುಸೇನ್ ಮತ್ತು ಎಲ್. ಶಂಕರ್ ಅವರೊಡನೆ ‘ಶಕ್ತಿ’ ತಂಡ ಕಟ್ಟಿದವರೂ ಇದೇ ಮೆಕ್‌ಲಾಫ್ಲಿನ್.) ಆಲ್ಬಮ್ಮಿನ ಕೆಲವು ರ‍್ಯಾಪ್ ಸಾಲುಗಳು ಇಂದು ಹಳತೆನಿಸುವುದನ್ನು ನಾನೂ ಒಪ್ಪುತ್ತೇನೆ. ಆದರೆ ಟೀಕಿಸುವ ಮುನ್ನ ಕನಿಷ್ಠ ಈ ಎರಡು ಹಾಡುಗಳನ್ನಾದರೂ ಲೇಖಕರು ಕೇಳಲಿ.

– ಓದುಗ, ಮೈಸೂರು